ಹಿನ್ನೀರಿನ ದಡದಲ್ಲಿ ಎರಡು ರಾತ್ರಿ

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಗಿಣಿಗೇರಾದ ಕಾರ್ಖಾನೆಗಳ ಹೊಗೆಗೊಳವೆಗಳು ಹಿಂದಾಗಿ ಹಿಟ್ನಾಳ ಬಂತೆಂದರೆ ನೀರಿನ ಸೀಮೆ ಸಮೀಪಿಸಿತೆಂದು ಅರ್ಥ. ಮುಂದೆ ಹುಲಿಗಿ, ಮುನಿರಾಬಾದು. ಅವುಗಳ ಮಗ್ಗುಲಿಗೆ ತುಂಗಭದ್ರಾ ಜಲಾಶಯ. 1945ರಲ್ಲಿ ಈ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ನದಿಯ ಎಡದಂಡೆ ಹೈದರಾಬಾದು ಸಂಸ್ಥಾನಕ್ಕೂ ಬಲದಂಡೆ ಮದರಾಸು ಪ್ರಾಂತಕ್ಕೂ ಸೇರಿದ್ದಿತು. 1953ರ ವೇಳೆಗೆ ನೀರು ನಿಂತಿತು. ಸುಣ್ಣ, ಸುರ್ಕಿಗಳ ಗಾರೆಯಿಂದ ಕಟ್ಟಿದ ಆ ಕಲ್ಲುಗೋಡೆಯ ಹಿಂದೆ, ತುಂಬಿದ ಕಾಲದಲ್ಲಿ, 350 ಚದರ ಕಿಲೋಮೀಟರಿನಷ್ಟು ವಿಸ್ತಾರಕ್ಕೆ ನೀರು ಹರಡಿಕೊಳ್ಳುತ್ತದೆ. ಬಿಸಿಲಿಗೆ ಹೆಸರಾದ ಈ ನಾಡಿನಲ್ಲಿ ಅದೊಂದು ಅಚ್ಚರಿಯ ದೃಶ್ಯ.

ಕೆಲವು ವರ್ಷಗಳ ಹಿಂದೆ, ಡಿಸೆಂಬರಿನ ಕೊನೆಯ ವಾರದಲ್ಲಿ, ನಾವು ಹದಿನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಈ ಜಲಾಶಯದ ಹಿನ್ನೀರಿನ ದಡದಲ್ಲಿ ಒಂದು ರಾತ್ರಿ ಡೇರೆ ಹಾಕಿದ್ದೆವು. ಉದ್ದೇಶ ನಕ್ಷತ್ರವೀಕ್ಷಣೆ. ಆ ರಾತ್ರಿ ನಾವು ಒಂದು ತಪ್ಪು ಮಾಡಿದೆವು. ಭೌತಶಾಸ್ತ್ರ ಕಲಿಸುವವರು ಮಾಡಬಾರದಾಗಿದ್ದ ತಪ್ಪು ಅದು. ಶಿಬಿರಗಳಿಗೆ ಹೋಗುವ ಉತ್ಸಾಹ ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚುತ್ತಿರುವುದರಿಂದ ಅದನ್ನು ಮುಚ್ಚಿಡದೆ ಹೇಳುವುದು ಲೇಸೆಂದು ತೋರಿತು.

ಮುನಿರಾಬಾದಿನ ಪಂಪಾವನದಲ್ಲಿ ಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಊಟ ಮುಗಿಸಿ, ಮಧ್ಯಾಹ್ನ ಇಳಿದ ಮೇಲೆ ತಂಗುವ ಸ್ಥಳಕ್ಕೆ ಬಂದೆವು. ಪರಿಚಿತ ರೈತರೊಬ್ಬರ ಹೊಲ. ಒಂದು ಪಕ್ಕದಲ್ಲಿ ಬೇವು, ಹುಣಸೆ, ಹೊಂಗೆ ಮರಗಳ ತೋಪು, ಅದರಾಚೆ ಬಳ್ಳಾರಿ ಜಾಲಿಯ ಕಾಡು. ಇನ್ನೊಂದು ಪಕ್ಕದಲ್ಲಿ ನೆಲ ಮೆಲ್ಲನೆ ಇಳಿಯುತ್ತ ನೀರನ್ನು ಸೇರುತ್ತದೆ. ಕಾಲುವೆಗಳಿಗೆ ನೀರು ಹರಿದಂತೆಲ್ಲ ಜಲಾಶಯ ಹಿಂದೆ ಸರಿದು, ಡಿಸೆಂಬರಿನ ಹೊತ್ತಿಗೆ ದಡದಲ್ಲಿ ಅಗಲವಾದ ಬಯಲೊಂದು ತೆರೆದುಕೊಂಡಿರುತ್ತದೆ. ನೋಡುವುದಕ್ಕೆ ಅದು ಡೇರೆಗೆಂದೇ ಸಮಮಾಡಿಟ್ಟ ಅಂಗಳದಂತಿರುತ್ತದೆ. ಆದರೆ ನೀರಂಚಿಗೆ ಹೋಗುವ ಆಸೆಯನ್ನು ನಾವು ಮೊದಲೇ ಬಿಟ್ಟಿದ್ದೆವು. ಮೇಲೆ ಒಣಗಿ ಬಿರುಕುಬಿಟ್ಟ ಹೂಳಿನ ಕೆಳಗೆ ಮೊಣಕಾಲುದ್ದದ ಕೆಸರು ಇರಬಹುದು. ತುಂಗಭದ್ರೆಯ ನೀರಿನಲ್ಲಿ ಮೊಸಳೆಗಳೂ ಇವೆ. ಅಣೆಕಟ್ಟಿನ ಕೆಳಗಿನ ನದೀಪಾತ್ರದ ಬಂಡೆಗಳ ಮೇಲೆ ತಂಗುವ ಮಾತಂತೂ ಕೂಡದು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ಆ ಒಂದು ಕಿಂಡಿಯಿಂದಲೇ ಸುಮಾರು 35,000 ಕ್ಯುಸೆಕ್ ನೀರು ನುಗ್ಗಿತ್ತು.

ಇಷ್ಟೆಲ್ಲ ಮುಂದಾಲೋಚನೆ ಮಾಡಿದವರು ತೋಪಿಗೂ ನೀರಿಗೂ ನಡುವಿನ ಹುಲ್ಲುಬಯಲನ್ನು ಆರಿಸಿದೆವು. ಅದು ಸ್ವಲ್ಪ ತಗ್ಗಾದ ಜಾಗ. ಗೂಟ ಹೊಡೆಯುವುದನ್ನು ನೋಡುತ್ತ ನಿಂತಿದ್ದ ಹೊಲದ ಯಜಮಾನರು, ಎಪ್ಪತ್ತು ದಾಟಿದ ವೃದ್ಧರು, ಹತ್ತಿರ ಬಂದು ಹೇಳಿದರು: "ಮಾಸ್ತರ್ರ, ಬಯಲಾಗ ಯಾಕ ಹಾಕ್ತೀರಿ? ಬೆಳತನಕ ಇಬ್ಬನಿ ಸುರೀತೈತಿ. ಆ ಬೇವಿನ ಗಿಡದ ಬುಡಕ್ಕ ಹಾಕ್ರಿ, ಬೆಚ್ಚಗ ಇರ್ತೈತಿ."

"ಗಿಡದ ಬುಡಕ್ಕ ಹಾಕಿದ್ರ ಚುಕ್ಕಿ ಕಾಣೂದಿಲ್ಲರಿ ಅಜ್ಜಾರ" ಎಂದೆವು.

"ಚುಕ್ಕಿ ನೋಡಾಕ ಬಂದೀರೇನು? ಆತು ಬಿಡ್ರಿ" ಎಂದು ನಕ್ಕು ಅವರು ಹೊರಟುಹೋದರು. ನೀರಿನ ಸಮೀಪವಿರುವುದರಿಂದ ಚಳಿ ಹೆಚ್ಚಾಗಲಾರದೆಂದು ನಾವು ವಿದ್ಯಾರ್ಥಿಗಳಿಗೆ ಸಮಾಧಾನ ಹೇಳಿದೆವು. ಅದಕ್ಕೆ ಪುಸ್ತಕದ ಆಧಾರವೂ ಇತ್ತು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕ್ಯಾಲೊರಿ ಶಾಖ ಬೇಕಾದರೆ, ಈ ಸೀಮೆಯ ಗ್ರಾನೈಟ್ ಬಂಡೆಗೆ ಅದರ ಐದರಲ್ಲೊಂದು ಪಾಲು ಸಾಕು. ಹಗಲು ಬಂಡೆ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ನೀರು ಎರಡಕ್ಕೂ ಅವಸರಪಡುವುದಿಲ್ಲ. ಇದು ನಿಜವೇ. ಆದರೆ ನೀರಿನಲ್ಲಿರುವ ಶಾಖ ದಡದ ಮೇಲೆ ಮಲಗಿದವನಿಗೆ ತಲುಪಬೇಕಾದರೆ ಗಾಳಿ ನೀರಿನ ಕಡೆಯಿಂದ ಬೀಸಬೇಕು. ರಾತ್ರಿಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ನೆಲ ತಣ್ಣಗಾಗಿ, ಅದನ್ನು ಮುಟ್ಟಿಕೊಂಡಿರುವ ಗಾಳಿಯೂ ತಣಿದು ಭಾರವಾಗಿ, ಇಳಿಜಾರನ್ನು ಹಿಡಿದು ನೀರಿನ ಕಡೆಗೆ ಜಾರುತ್ತದೆ. ದಾರಿಯಲ್ಲಿ ಸಿಕ್ಕ ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ಊದುಬತ್ತಿಯೊಂದನ್ನು ಹಚ್ಚಿ ನೆಲಕ್ಕೆ ಹತ್ತಿರ ಹಿಡಿದರೆ ಅದರ ಹೊಗೆಯೆಳೆ ಕೆರೆಯ ಕಡೆಗೆ ಬಾಗುವುದನ್ನು ಯಾರು ಬೇಕಾದರೂ ನೋಡಬಹುದು. ನಾವು ಡೇರೆ ಹಾಕಿದ್ದು ಆ ತಣ್ಣನೆಯ ಗಾಳಿಯ ಹಾದಿಯಲ್ಲಿ, ಅದು ತಂಗುವ ತಗ್ಗಿನಲ್ಲಿ.

ಸಂಜೆ ಸೊಗಸಾಗಿ ಕಳೆಯಿತು. ಜಾಲಿಯ ಕಟ್ಟಿಗೆಯ ಬೆಂಕಿಯಲ್ಲಿ ಅನ್ನ, ಸಾರು ಬೆಂದವು. ಚಂದ್ರನಿಲ್ಲದ ರಾತ್ರಿ. ಕೃತ್ತಿಕೆ ನೆತ್ತಿಗೇರಿತು, ರೋಹಿಣಿ, ಕೆಂಪಗೆ ಉರಿಯುವ ಆರ್ದ್ರಾ, ಮಹಾವ್ಯಾಧನ ನಡುಪಟ್ಟಿಯ ಮೂರು ತಾರೆಗಳು, ಅವುಗಳ ನೇರದಲ್ಲಿ ಲುಬ್ಧಕ. ಎರಡು ಗಂಟೆಗಳ ಕಾಲ ನಮ್ಮ ಉಪನ್ಯಾಸ ಸಾಗಿತು. ಅಷ್ಟರಲ್ಲಿ ನಮ್ಮ ಸುತ್ತಲೂ ಮೂರು ಸೂಚನೆಗಳು ಕಾಣಿಸಿಕೊಂಡಿದ್ದವು. ಬೆಂಕಿಯ ಹೊಗೆ ಮರದೆತ್ತರಕ್ಕೆ ಏರಿ, ಮೇಲೆ ಹೋಗಲಾರದೆ, ಹಾಸಿದ ಬಟ್ಟೆಯಂತೆ ಅಡ್ಡಲಾಗಿ ಹರಡಿಕೊಂಡಿತು. ಹಗಲಿನಲ್ಲಿ ಕೇಳಿಸದಿದ್ದ ರೈಲಿನ ಸಪ್ಪಳ, ಗುಂತಕಲ್ಲು-ಹುಬ್ಬಳ್ಳಿ ಮಾರ್ಗದ್ದು, ಪಕ್ಕದ ಹೊಲದಲ್ಲಿಯೇ ಓಡುತ್ತಿರುವಂತೆ ಸ್ಪಷ್ಟವಾಗಿ ಕೇಳಿಸತೊಡಗಿತು. ನಕ್ಷತ್ರಪಟದ ಹಾಳೆಗಳು ಕೈಗೆ ಒದ್ದೆಯೆನಿಸಿದವು.

ಮೂರಕ್ಕೂ ಮೂಲ ಒಂದೇ. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಇಂಥ ರಾತ್ರಿಗಳಲ್ಲಿ ನೆಲಕ್ಕಂಟಿದ ಗಾಳಿಯೇ ತಣ್ಣಗಿದ್ದು ಅದರ ಮೇಲೆ ಬೆಚ್ಚನೆಯ ಪದರವಿರುತ್ತದೆ. ಹೊಗೆ ತನ್ನ ಸುತ್ತಲಿನ ಗಾಳಿಗಿಂತ ಬಿಸಿಯಾಗಿರುವವರೆಗೆ ಮಾತ್ರ ಏರಬಲ್ಲದು. ಬೆಚ್ಚನೆಯ ಪದರವನ್ನು ಮುಟ್ಟಿದೊಡನೆ ನಿಲ್ಲುತ್ತದೆ. ಶಬ್ದವು ಬಿಸಿಗಾಳಿಯಲ್ಲಿ ಹೆಚ್ಚು ವೇಗವಾಗಿ ಸಾಗುವುದರಿಂದ, ಆಕಾಶದ ಕಡೆಗೆ ಹೊರಟ ಅಲೆಯ ಮೇಲ್ತುದಿ ಮುಂದೋಡಿ ಅಲೆ ನೆಲದತ್ತ ಬಾಗುತ್ತದೆ. ಮೇಲಕ್ಕೆ ಹೋಗಿ ಕಳೆದುಹೋಗಬೇಕಾಗಿದ್ದ ರೈಲಿನ ಸದ್ದು ನಮ್ಮ ಕಿವಿಗೆ ಬೀಳುತ್ತದೆ. ಇಬ್ಬನಿಯಂತೂ ನೆಲ ತಣಿದುದರ ನೇರ ಸಾಕ್ಷಿ. ಈ ಮೂರನ್ನೂ ನಾವು ವಿದ್ಯಾರ್ಥಿಗಳಿಗೆ ತೋರಿಸಿದೆವು, ಅವರು ಸಂತೋಷಪಟ್ಟರು. ಆದರೆ ಅವುಗಳಿಂದ ನಮ್ಮ ಹಾಸಿಗೆಗಳ ಬಗೆಗೆ ಏನು ತಿಳಿಯಬೇಕೆಂಬುದು ಗುರುವಿಗಾಗಲಿ ಶಿಷ್ಯರಿಗಾಗಲಿ ಹೊಳೆಯಲಿಲ್ಲ.

ಹಾಗಾದರೆ ಈ ಚಳಿ ಬಂದುದೆಲ್ಲಿಂದ? ಕೆರೆಯಿಂದಲ್ಲ, ಗುಡ್ಡದಿಂದಲೂ ಅಲ್ಲ. ಅದು ಬಂದದ್ದು ನಾವು ನೋಡುತ್ತಿದ್ದ ಆಕಾಶದಿಂದಲೇ. ಸರಿಯಾಗಿ ಹೇಳಬೇಕಾದರೆ ಚಳಿ ಬರಲಿಲ್ಲ, ಶಾಖ ಹೋಯಿತು. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಕಣ್ಣಿಗೆ ಕಾಣದ ಕಿರಣಗಳನ್ನು ಸದಾ ಸೂಸುತ್ತಿರುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿರುವ ನೆಲದ ಒಂದು ಚದರ ಮೀಟರು ಹೀಗೆ ಹೊರಚೆಲ್ಲುವ ಶಾಖ ಸುಮಾರು 420 ವಾಟ್. ತಿರುಗಿ ಬರುವುದೆಷ್ಟು? ಮೋಡ ಕವಿದ ರಾತ್ರಿಯಲ್ಲಿ ಮೋಡಗಳು ಅದರ ಬಹುಭಾಗವನ್ನು ಹಿಂದಿರುಗಿಸುತ್ತವೆ. ತಿಳಿಯಾದ ಒಣ ಚಳಿಗಾಲದ ರಾತ್ರಿಯಲ್ಲಿ ಗಾಳಿಯಲ್ಲಿರುವ ಅಲ್ಪ ನೀರಾವಿ ಮುಂತಾದ ಅನಿಲಗಳಿಂದ ಹಿಂದೆ ಬರುವುದು 320 ವಾಟಿನಷ್ಟು ಮಾತ್ರ. ಉಷ್ಣತೆಯ ಭಾಷೆಯಲ್ಲಿ ಹೇಳುವುದಾದರೆ, ನಮ್ಮ ತಲೆಯ ಮೇಲೆ ಸೊನ್ನೆ ಡಿಗ್ರಿಯ ಆಸುಪಾಸಿನ ಒಂದು ಹಿಮದ ಮಾಳಿಗೆಯನ್ನು ಹೊದಿಸಿದಂತೆ. ಉಳಿದ 100 ವಾಟ್ ನಷ್ಟ. ಸುಮ್ಮನೆ ಕುಳಿತ ಮನುಷ್ಯನ ದೇಹದಲ್ಲಿ ಹುಟ್ಟುವ ಶಾಖವೂ ಹೆಚ್ಚುಕಡಿಮೆ ಅಷ್ಟೆ, 80ರಿಂದ 100 ವಾಟ್. ಒಬ್ಬೊಬ್ಬ ಮನುಷ್ಯನ ಶಾಖವನ್ನು ಒಂದೊಂದು ಚದರ ಮೀಟರು ಬಯಲು ಆಕಾಶಕ್ಕೆ ಅರ್ಪಿಸುತ್ತಿದೆ ಎಂದು ಕಲ್ಪಿಸಿಕೊಂಡರೆ ಬಯಲಿನ ಚಳಿಯ ಕಾರಣ ಮನದಟ್ಟಾಗುತ್ತದೆ.

ಇದನ್ನು ಬಳಸಿಕೊಂಡು ನಮ್ಮ ದೇಶದ ಜನ ಹಿಂದೆ ಮಂಜುಗಡ್ಡೆಯನ್ನೇ ತಯಾರಿಸುತ್ತಿದ್ದರು. ಅಲಹಾಬಾದಿನಲ್ಲಿ ತಾನು ಕಂಡ ಆ ವಿಧಾನವನ್ನು ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ್ದಾನೆ. ಬಯಲಿನಲ್ಲಿ ಆಳವಿಲ್ಲದ ಗುಂಡಿಗಳನ್ನು ತೋಡಿ, ಒಣಗಿದ ಕಬ್ಬಿನ ಸೋಗೆ ಮೊದಲಾದುದನ್ನು ದಪ್ಪಗೆ ಹಾಸಿ, ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ, ತಿಳಿಯಾದ ಚಳಿಗಾಲದ ರಾತ್ರಿ ಗಾಳಿಯ ಉಷ್ಣತೆ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯದಿದ್ದರೂ ಮುಂಜಾನೆ ತಟ್ಟೆಯಲ್ಲಿ ಮಂಜುಗಡ್ಡೆ! ಕೆಳಗಿನ ಹುಲ್ಲು ನೆಲದ ಶಾಖವನ್ನು ಮೇಲೆ ಬರಗೊಡದು; ಮೇಲಿನ ಬರಿಯ ಆಕಾಶ ನೀರಿನ ಶಾಖವನ್ನು ಎಳೆದುಕೊಳ್ಳುವುದು. ಇಬ್ಬನಿ ಬೀಳುವುದಕ್ಕೂ ಇದೇ ಕಾರಣವೆಂದು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಉಣ್ಣೆಯ ಚೂರುಗಳನ್ನಿಟ್ಟು ಪರೀಕ್ಷಿಸಿ 1814ರ ತನ್ನ ಪ್ರಬಂಧದಲ್ಲಿ ತೋರಿಸಿದನು. ಆಕಾಶ ಕಾಣದಂತೆ ಮರೆಯಲ್ಲಿಟ್ಟ ಉಣ್ಣೆಗೆ ಇಬ್ಬನಿ ಕಡಮೆ ಹತ್ತುತ್ತಿತ್ತು. ಬೇವಿನ ಮರದ ಬುಡ ಬೆಚ್ಚಗಿರುತ್ತದೆಂದ ಅಜ್ಜನ ಮಾತೂ, ವೆಲ್ಸ್ ವೈದ್ಯನ ಪ್ರಬಂಧವೂ ಒಂದೇ. ಮರದ ಎಲೆಗಳು ಗಾಳಿಯಷ್ಟೇ ಬೆಚ್ಚಗಿದ್ದು, ನೆಲ ಸೂಸಿದ ಶಾಖವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗಿಸುತ್ತವೆ. ಹಿಮದ ಮಾಳಿಗೆಗೂ ಮಲಗಿದವನಿಗೂ ನಡುವೆ ಅದೊಂದು ತೆರೆ.

ಡೇರೆಯ ಬಟ್ಟೆಯೂ ತೆರೆಯಲ್ಲವೆ ಎಂದು ಓದುಗರು ಕೇಳಬಹುದು. ತೆರೆಯೇ; ಆದರೆ ತೆಳುವಾದುದು. ಅದರ ಹೊರಮೈ ಆಕಾಶಕ್ಕೆ ಶಾಖ ಸೂಸಿ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿರುವವರ ಉಸಿರಿನ ನೀರಾವಿ ಆ ತಣ್ಣನೆಯ ಬಟ್ಟೆಗೆ ತಗುಲಿ ಹನಿಗಟ್ಟಿ ಮೈಮೇಲೆ ತೊಟ್ಟಿಕ್ಕುತ್ತದೆ. ಆ ರಾತ್ರಿ ಹನ್ನೆರಡರ ಹೊತ್ತಿಗೆ ನಾಲ್ಕು ಡೇರೆಗಳಲ್ಲಿಯೂ ಯಾರೂ ನಿದ್ದೆಮಾಡುತ್ತಿರಲಿಲ್ಲ.

ನಾವು ಗಂಟೆಗೊಮ್ಮೆ ಎದ್ದು ಉಷ್ಣಮಾಪಕವನ್ನು ಓದಿ ಬರೆದುಕೊಳ್ಳುತ್ತಿದ್ದೆವು. ಎರಡು ಗಂಟೆಯ ಎಣಿಕೆಗೆಂದು ಹೊರಬಂದಾಗ, ಕೊನೆಯ ಡೇರೆಯ ಮುಂದೆ ಹುಡುಗನೊಬ್ಬ ನೆಲದ ಮೇಲೆ ಕುಳಿತಿದ್ದನು. ಬಹಿರ್ದೆಸೆಗೆ ಎದ್ದವನಿರಬೇಕೆಂದು ಮುಂದೆ ಹೋಗುವುದರಲ್ಲಿದ್ದೆವು. ಅವನು ಏಳಲು ಪ್ರಯತ್ನಿಸಿ ಮತ್ತೆ ಕುಸಿದನು. "ತಲಿ ಸಿಡೀತೈತ್ರಿ ಸರ್, ಕಾಲು ಎತ್ತಾಕ ಆಗವಲ್ದು" ಎಂದು ವಾಂತಿಮಾಡಿಕೊಂಡನು. ಡೇರೆಯ ಬಾಗಿಲನ್ನು ಒಳಗಿನಿಂದ ಬಿಗಿಯಾಗಿ ಕಟ್ಟಿ, ಅವನು ಹೊರಬಂದ ಕಡೆ ಮಾತ್ರ ಒಂದಿಷ್ಟು ಸಡಿಲಿಸಿತ್ತು. ಒಳಗೆ ದೀಪ ಹಾಕಿ ನೋಡಿದರೆ ಅಡುಗೆಯ ಕಬ್ಬಿಣದ ಬಾಣಲಿ, ಅದರ ತುಂಬ ಹೊಗೆಯಿಲ್ಲದ ನಿಗಿನಿಗಿ ಕೆಂಡ. ಅದರ ಸುತ್ತ ಮೂವರು ಹುಡುಗರು ಮಲಗಿದ್ದಾರೆ. ಡೇರೆಯೊಳಗೆ ನಿಜವಾಗಿಯೂ ಬೆಚ್ಚಗಿತ್ತು.

ಅವರನ್ನು ಕಾಲು ಹಿಡಿದು ಹೊರಗೆಳೆದೆವು. ಇಬ್ಬರು ಗಾಳಿ ಸೋಕಿದ ಮೇಲೆ ನರಳುತ್ತ ಕಣ್ಣುಬಿಟ್ಟರು. ಮೂರನೆಯವನನ್ನು ಎಷ್ಟು ಅಲುಗಿಸಿದರೂ ಎಚ್ಚರವಾಗಲಿಲ್ಲ, ಉಸಿರು ಆಡುತ್ತಿತ್ತು. 108ಕ್ಕೆ ಕರೆಮಾಡಿ, ವಾಹನ ಹೊಲದ ದಾರಿ ಹುಡುಕಿಕೊಂಡು ಬರುವವರೆಗೆ ಕಳೆದ ಹೊತ್ತನ್ನು ಇಲ್ಲಿ ವರ್ಣಿಸುವುದು ನಮ್ಮಿಂದಾಗದು. ಆಸ್ಪತ್ರೆಯಲ್ಲಿ ನಾಲ್ವರಿಗೂ ಮುಖವಾಡ ತೊಡಿಸಿ ಆಮ್ಲಜನಕ ಕೊಟ್ಟರು. ಬೆಳಗಿನ ಜಾವ ಮೂರನೆಯವನೂ ಕಣ್ಣು ತೆರೆದು, ತಾನೆಲ್ಲಿದ್ದೇನೆಂದು ಕೇಳಿದನು. ಮರುದಿನ ಸಂಜೆ ಎಲ್ಲರೂ ಮನೆ ಸೇರಿದರು.

ಕೆಂಡ ಮಾಡುವ ಕೇಡಿನ ರಸಾಯನಶಾಸ್ತ್ರ ಕಷ್ಟದ್ದಲ್ಲ. ಇದ್ದಲಿಗೆ ಧಾರಾಳವಾಗಿ ಗಾಳಿ ಸಿಕ್ಕಿದರೆ ಅದರ ಇಂಗಾಲ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಆದರೆ ಕೆಂಡದ ರಾಶಿಯ ಒಳಗೆ ಹುಟ್ಟಿದ ಡೈ ಆಕ್ಸೈಡು ಕೆಂಪಗೆ ಕಾದ ಇದ್ದಲಿನ ನಡುವೆ ಹಾದುಬರುವಾಗ ಇನ್ನೊಂದು ಇಂಗಾಲದ ಪರಮಾಣುವಿಗೆ ತನ್ನ ಆಮ್ಲಜನಕದಲ್ಲಿ ಪಾಲುಕೊಟ್ಟು, ಒಂದಿದ್ದದ್ದು ಎರಡು ಇಂಗಾಲದ ಮಾನಾಕ್ಸೈಡ್ ಅಣುಗಳಾಗಿ ಹೊರಬೀಳುತ್ತದೆ. ಕೆಂಡದ ಮೇಲೆ ಜ್ವಾಲೆಯಾಡುತ್ತಿದ್ದರೆ ಅದು ಬಹುಮಟ್ಟಿಗೆ ಉರಿದುಹೋಗುತ್ತದೆ. ಜ್ವಾಲೆಯಿಲ್ಲದ ಕೆಂಡದಿಂದ ಹಾಗೆಯೇ ಹೊರಟುಬಿಡುತ್ತದೆ. ಹೊಗೆ ಹೋದ ಮೇಲೆ ಕೆಂಡ ನಿರಪಾಯವೆಂಬ ನಂಬಿಕೆ ನಮ್ಮಲ್ಲಿದೆ. ಆ ಹುಡುಗರೂ ಹೊಗೆಯಾಡುವ ಕೊಳ್ಳಿಗಳನ್ನು ಆಯ್ದು ಹೊರಗೆ ಬಿಟ್ಟು ಕೆಂಡವನ್ನಷ್ಟೇ ಒಳಗೆ ತಂದಿದ್ದರು. ಹೊಗೆಯಾದರೂ ಕಣ್ಣು ಉರಿಸಿ, ಕೆಮ್ಮಿಸಿ ಹೊರಗಟ್ಟುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲಿಗೆ ತಾಕುವುದಿಲ್ಲ. ಗಾಳಿಯಷ್ಟೇ ಹಗುರವಾದುದರಿಂದ ಕೆಳಗೂ ತಂಗದು, ಮೇಲೂ ಏರಿಹೋಗದು; ಎಲ್ಲೆಡೆಯೂ ಬೆರೆತುಕೊಳ್ಳುತ್ತದೆ.

ರಕ್ತದ ಹೀಮೋಗ್ಲೋಬಿನ್ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ಅಂಗಾಂಗಗಳಿಗೆ ಒಯ್ಯುವುದಷ್ಟೆ. ಮಾನಾಕ್ಸೈಡಿನ ಮೇಲೆ ಅದಕ್ಕಿರುವ ಮೋಹ ಆಮ್ಲಜನಕದ ಮೇಲಿರುವುದರ ಇನ್ನೂರು ಪಟ್ಟಿಗೂ ಹೆಚ್ಚು. ಆದುದರಿಂದ ಗಾಳಿಯಲ್ಲಿ ಸಾವಿರಕ್ಕೊಂದು ಪಾಲು ಇದ್ದರೂ ಕೆಲವು ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಅಷ್ಟಾಗಲು ಎಷ್ಟು ಇದ್ದಲು ಬೇಕು? ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ನಮ್ಮ ಡೇರೆಯ ಒಳಗಾತ್ರ ಸುಮಾರು 6 ಘನಮೀಟರು, ಎಂದರೆ 6000 ಲೀಟರು. ಅದರ ಸಾವಿರದಲ್ಲೊಂದು ಪಾಲು 6 ಲೀಟರು. ಕೋಣೆಯ ಉಷ್ಣತೆಯಲ್ಲಿ 24 ಲೀಟರಿನಷ್ಟು ಮಾನಾಕ್ಸೈಡಿನಲ್ಲಿ 12 ಗ್ರಾಂ ಇಂಗಾಲವಿರುವುದರಿಂದ 6 ಲೀಟರಿಗೆ 3 ಗ್ರಾಂ ಸಾಕು! ಇದ್ದಲೆಲ್ಲವೂ ಮಾನಾಕ್ಸೈಡಾಗುವುದಿಲ್ಲ, ನಿಜ. ಹತ್ತರಲ್ಲೊಂದು ಪಾಲು ಆಯಿತೆಂದರೂ 30 ಗ್ರಾಂ ಇದ್ದಲು, ಒಂದು ಹಿಡಿ ಕೆಂಡ. ಬಾಣಲಿಯಲ್ಲಿದ್ದದ್ದು ಒಂದು ಕಿಲೋಗ್ರಾಮಿಗೆ ಕಡಮೆಯಿರಲಿಲ್ಲ. ಬಟ್ಟೆಯ ಸಂದುಗಳಿಂದ ಒಂದಿಷ್ಟು ಗಾಳಿ ಆಡುತ್ತಿದ್ದುದೇ ಅವರನ್ನು ಅಷ್ಟು ಹೊತ್ತು ಉಳಿಸಿತೆನ್ನಬೇಕು. ಇಬ್ಬನಿ ತೊಟ್ಟಿಕ್ಕದಂತೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಹೊದಿಸೋಣವೆಂದು ಅವರಲ್ಲೊಬ್ಬ ಮಲಗುವ ಮುನ್ನ ಸಲಹೆ ಕೊಟ್ಟಿದ್ದನಂತೆ.

ಬ್ರಿಟಿಷ್ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಈ ಅನಿಲವನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು, ನಡುನಡುವೆ ತನ್ನ ರಕ್ತವನ್ನು ಪರೀಕ್ಷಿಸುತ್ತ, ಅನುಭವಿಸಿದ್ದನ್ನೆಲ್ಲ ಬರೆದಿಟ್ಟು 1895ರಲ್ಲಿ ಪ್ರಕಟಿಸಿದನು. ಗಣಿಗಳಲ್ಲಿ ಪುಟ್ಟ ಹಕ್ಕಿಗಳನ್ನು ಒಯ್ಯುವ ಪದ್ಧತಿ ಅವನ ಸಲಹೆಯಿಂದಲೇ ಬಂತು. ಬೇಗ ಬೇಗ ಉಸಿರಾಡುವ ಜೀವಿಗೆ ವಿಷ ಬೇಗ ಏರುವುದರಿಂದ ಮನುಷ್ಯನಿಗಿಂತ ಮೊದಲು ಅದು ಕುಸಿಯುತ್ತದೆ. ಈ ವಿಷದ ಕ್ರೌರ್ಯವಿರುವುದು ಒಂದು ವಿಷಯದಲ್ಲಿ: ಅಪಾಯ ಬಂದಿದೆಯೆಂದು ತಿಳಿಯಬೇಕಾದ ಬುದ್ಧಿಯನ್ನೂ, ಓಡಬೇಕಾದ ಕಾಲುಗಳನ್ನೂ ಅದು ಮೊದಲೇ ಸೋಲಿಸಿಬಿಡುತ್ತದೆ. ನಿದ್ದೆಯಲ್ಲಿರುವವನಿಗೆ ಏನೂ ತಿಳಿಯುವುದಿಲ್ಲ. ತಲೆನೋವು, ಓಕರಿಕೆ, ಕಾಲುಗಳ ನಿತ್ರಾಣ ಇವುಗಳಲ್ಲೊಂದು ಕಂಡರೂ ಕಾರಣ ಹುಡುಕುತ್ತ ಕೂಡದೆ ಎಲ್ಲರೂ ಹೊರಗೆ ಬಂದುಬಿಡಬೇಕು. ತೆರೆದ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ. ಆದುದರಿಂದ ಎಚ್ಚರವಾಯಿತೆಂದು ಮನೆಗೆ ಕಳುಹಿಸದೆ ಆಸ್ಪತ್ರೆಗೇ ಒಯ್ಯಬೇಕು.

ಹುಡುಗರನ್ನು ನಾವು ಗದರಿಸಲಿಲ್ಲ. ಎರಡು ಗಂಟೆ ನಕ್ಷತ್ರಗಳ ಬಗೆಗೆ ಮಾತನಾಡಿದವರು ಎರಡು ನಿಮಿಷ ಬೆಂಕಿಯ ಬಗೆಗೆ ಮಾತನಾಡಿರಲಿಲ್ಲ.

ಡೇರೆ ಕಿತ್ತುಕೊಂಡು ಹೋಗಲು ಎರಡು ದಿನಗಳ ಮೇಲೆ ಮತ್ತೆ ಅಲ್ಲಿಗೆ ಹೋದೆವು. ಅಜ್ಜ ಎಲ್ಲವನ್ನೂ ಕೇಳಿ ತಿಳಿದಿದ್ದರು. ಹೇಳಿದ ಮಾತು ಕೇಳಲಿಲ್ಲವೆಂದು ಅವರು ಎತ್ತಿ ಆಡಲಿಲ್ಲ. ರಾತ್ರಿ ಬೆಳೆ ಕಾಯುವಾಗ ತಾವು ಹೇಗೆ ಮಲಗುತ್ತೇವೆಂಬುದನ್ನು ತೋರಿಸಿದರು: ಮರದ ಬುಡದಲ್ಲಿ ಒಂದು ಮೊಳದಷ್ಟು ಬತ್ತದ ಹುಲ್ಲು, ಅದರ ಮೇಲೆ ಗೋಣಿತಾಟು, ಮೈಗೆ ಕುರಿಯ ಉಣ್ಣೆಯ ಕರಿಯ ಕಂಬಳಿ. ಬೆಂಕಿ ಕಾಲಿನ ದಿಕ್ಕಿಗೆ, ದೂರದಲ್ಲಿ, ಬಯಲಿನಲ್ಲಿ. "ಬೆಂಕಿ ನೋಡಾಕ, ಕಂಬಳಿ ಹೊದಿಯಾಕ" ಎಂದರು. ಹುಲ್ಲಿನಲ್ಲಿಯೂ ಉಣ್ಣೆಯಲ್ಲಿಯೂ ಸಿಕ್ಕಿಕೊಂಡ ಗಾಳಿ ಶಾಖವನ್ನು ಹಾಯಗೊಡುವುದಿಲ್ಲ. ದೇಹ ತಾನೇ 80 ವಾಟಿನ ಒಲೆಯಾಗಿರುವಾಗ ಬೇರೊಂದು ಒಲೆಯನ್ನು ಹೊತ್ತಿಸುವುದಕ್ಕಿಂತ ಇರುವ ಶಾಖ ಸೋರದಂತೆ ಕಾಯುವುದೇ ಉಪಾಯ.

ಮುಂದಿನ ವರ್ಷ ಡಿಸೆಂಬರಿನಲ್ಲಿ ಮತ್ತೆ ಅಲ್ಲಿಗೆ ಹೋದೆವು. ಕಳುಹಿಸಲು ತಾಯಿತಂದೆಗಳನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಒಪ್ಪದವರನ್ನು ನಾವು ಒತ್ತಾಯಿಸಲೂ ಇಲ್ಲ. ಈ ಸಲ ಡೇರೆಗಳು ತೋಪಿನೊಳಗೆ, ಬೇವಿನ ಮರಗಳ ಕೆಳಗೆ. ಒಣಗಿದ ಕೊಂಬೆಯಿರುವ ಮರಗಳನ್ನು ಮಾತ್ರ ಬಿಟ್ಟೆವು. ಹುಣಸೆಯ ಕೆಳಗೆ ಮಲಗಬಾರದೆಂದು ಒಬ್ಬ ಹುಡುಗ ಹಟಹಿಡಿದನು. ರಾತ್ರಿ ಮರಗಳು ಡೈ ಆಕ್ಸೈಡನ್ನು ಬಿಡುತ್ತವೆ, ನಿಜ. ಆದರೆ ಬಯಲಿನಲ್ಲಿ ಅದು ಗಾಳಿಯೊಡನೆ ಬೆರೆತು ಚದರಿಹೋಗುತ್ತದೆ. ಪಕ್ಕದಲ್ಲಿ ಮಲಗಿದ ಗೆಳೆಯನ ಉಸಿರಿಗೆ ಅಂಜದವನು ಹುಣಸೆಯ ಉಸಿರಿಗೆ ಅಂಜಬೇಕಾಗಿಲ್ಲವೆಂದೆವು. ಅವನಿಗೆ ಒಪ್ಪಿಗೆಯಾಗಲಿಲ್ಲ. ಬೇವುಗಳಿಗೇನೂ ಕೊರತೆಯಿರಲಿಲ್ಲವಾದುದರಿಂದ ವಾದವನ್ನು ಬೆಳೆಸಲಿಲ್ಲ. ನಕ್ಷತ್ರಗಳನ್ನು ನೋಡಲು ಐವತ್ತು ಹೆಜ್ಜೆ ನಡೆದು ಬಯಲಿಗೆ ಬಂದರೆ ಸಾಕಾಗಿತ್ತು. ಹಿಂದಿನ ವರ್ಷ ಈ ಐವತ್ತು ಹೆಜ್ಜೆಗಳ ಸೋಮಾರಿತನ ನಮ್ಮದಾಗಿತ್ತೇ ಹೊರತು ಬೇರೇನಲ್ಲ.

ಕೆಂಡದ ಬದಲು ಒಬ್ಬೊಬ್ಬರಿಗೂ ಒಂದು ಲೀಟರು ಬಿಸಿನೀರಿನ ಉಕ್ಕಿನ ಸೀಸೆ; ಬಿಗಿಯಾಗಿ ಮುಚ್ಚಿ, ಮೈ ಸುಡದಂತೆ ಬಟ್ಟೆ ಸುತ್ತಿ, ಕಂಬಳಿಯೊಳಗೆ. 70 ಡಿಗ್ರಿಯಿಂದ 35ಕ್ಕೆ ಇಳಿಯುವಷ್ಟರಲ್ಲಿ ಅದು 35 ಕಿಲೋಕ್ಯಾಲೊರಿ ಶಾಖ ಕೊಡುತ್ತದೆ. ಮಲಗಿದ ಮನುಷ್ಯನ ದೇಹ ಅರ್ಧ ಗಂಟೆಯಲ್ಲಿ ಕೊಡುವಷ್ಟು. ಅದೇ ತೂಕದ ಕಾಸಿದ ಕಲ್ಲಿನಿಂದ ಇದರ ಐದರಲ್ಲೊಂದು ಪಾಲೂ ದೊರೆಯದು. ಕೆರೆಯ ನೀರಿನ ಬಗೆಗೆ ನಾವು ಹಿಂದಿನ ವರ್ಷ ಹೇಳಿದ ಸೂತ್ರ ಕೊನೆಗೆ ಕಂಬಳಿಯೊಳಗೆ ಕೆಲಸಕ್ಕೆ ಬಂತು.

ಇನ್ನೊಂದು ಪ್ರಯೋಗವನ್ನೂ ಆಶಿಸಿದ್ದೆವು, ಅದು ಕೈಗೂಡಲಿಲ್ಲ. ತಿಳಿಯಾದ, ಗಾಳಿಯಾಡದ ರಾತ್ರಿ ಬರಿಯ ನೆಲದ ಮೇಲೆ ಎಲ್ಲಕ್ಕಿಂತ ತಣ್ಣನೆಯ ಗಾಳಿ ಇರುವುದು ನೆಲದಲ್ಲಿ ಅಲ್ಲ, ಒಂದೆರಡು ಗೇಣು ಮೇಲೆ ಎಂದು ಭಾರತೀಯ ಹವಾಮಾನ ವಿಜ್ಞಾನಿ ಎಲ್. ಎ. ರಾಮದಾಸರು 1932ರಲ್ಲಿ ಪ್ರಕಟಿಸಿದರು. ಶಾಖ ಕಳೆದುಕೊಳ್ಳುವುದು ನೆಲವಾದರೆ ಅದರ ಮೇಲಿನ ಗಾಳಿ ಅದಕ್ಕಿಂತ ತಣ್ಣಗಾಗುವುದು ಹೇಗೆ? ಬಹುಕಾಲ ಅನೇಕರು ಇದನ್ನು ನಂಬಲಿಲ್ಲ. ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಅವರೂ ಅವರ ಸಹೋದ್ಯೋಗಿಗಳೂ 1993ರಲ್ಲಿ, ಗಾಳಿಯೂ ನೇರವಾಗಿ ಕಿರಣಗಳ ಮೂಲಕ ಶಾಖ ಕಳೆದುಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿದು ಒಂದು ವಿವರಣೆಯನ್ನು ಮುಂದಿಟ್ಟರು. ನಾವು ಒಂದು ಕೋಲಿಗೆ ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಉಷ್ಣಮಾಪಕಗಳನ್ನು ಕಟ್ಟಿ ಬಯಲಿನಲ್ಲಿ ನೆಟ್ಟೆವು. ನಮ್ಮದು ಹುಲ್ಲುನೆಲ, ಮೇಲಾಗಿ ಕೆರೆಯ ಕಡೆಗೆ ಜಾರುವ ಗಾಳಿ ಆಗಾಗ ಎಲ್ಲವನ್ನೂ ಕಲಕುತ್ತಿತ್ತು. ಎಣಿಕೆಗಳು ಒಂದಕ್ಕೊಂದು ಹೊಂದಲಿಲ್ಲ. ಬರಿಯ ಮಣ್ಣಿನ ಕಣವೊಂದು ಸಿಕ್ಕಿದರೆ ಮತ್ತೆ ನೋಡಬೇಕು.

ಆ ರಾತ್ರಿಯ ದಾಖಲೆ ಪುಸ್ತಕವನ್ನು ಬರೆದವನು ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ತಡವಾಗಿ ಕಣ್ಣುತೆರೆದ ಹುಡುಗನೇ. ತಾನಾಗಿ ಕೇಳಿ ಆ ಕೆಲಸವನ್ನು ವಹಿಸಿಕೊಂಡಿದ್ದನು. ಬೆಳಗಿನ ಐದು ಗಂಟೆಯ ಎದುರಿಗೆ ಅವನು ಬರೆದದ್ದು ಹೀಗಿದೆ: ಬಯಲಿನ ಹುಲ್ಲಿನ ಮೇಲೆ 10.5 ಡಿಗ್ರಿ, ಬೇವಿನ ಕೆಳಗಿನ ಹುಲ್ಲಿನ ಮೇಲೆ 14, ಕೆರೆಯ ನೀರು, ಬಿಂದಿಗೆಯಲ್ಲಿ ಮೊಗೆದು ಕೂಡಲೆ ನೋಡಿದಾಗ, 23. ಅಷ್ಟು ಬೆಚ್ಚನೆಯ ನೀರಿನಿಂದೆದ್ದ ಆವಿ ಅಷ್ಟು ತಣ್ಣನೆಯ ಗಾಳಿಯಲ್ಲಿ ಕೂಡಲೆ ಹನಿಗಟ್ಟಿ, ಕುದಿಯುವ ಹಂಡೆಯಂತೆ ಜಲಾಶಯದುದ್ದಕ್ಕೂ ಬಿಳಿಯ ಹಬೆ ಎದ್ದಿತ್ತು. ಡೇರೆಗಳ ಸಾಲಿನ ಎದುರಿಗೆ ಅವನು ಬರೆದಿದ್ದನು: ಎಲ್ಲರೂ ಮಲಗಿದ್ದಾರೆ, ಬಾಗಿಲುಗಳು ತೆರೆದಿವೆ, ಬಟ್ಟೆ ಒಣಗಿದೆ.